ಊರು ಉಳಿಸೋಕೆ ಅಂತ ಜನರನ್ನೇ ಖಾಲಿ ಮಾಡಿಸಿದ್ರೆ? ಕುರ್ದಿಶ್ ಹಳೇ ನಗರಗಳ ಕಥೆ

ಉತ್ತರ ಇರಾಕಿನ ಎರ್ಬಿಲ್ ಊರನ್ನ ಸ್ಯಾಟಲೈಟ್ ಮ್ಯಾಪಲ್ಲಿ ಒಮ್ಮೆ ನೋಡಿ. ಮಧ್ಯದಲ್ಲಿ ಮೊಟ್ಟೆ ಆಕಾರದ ಒಂದು ದಿಬ್ಬ, ಅದರ ಸುತ್ತ ಒಂದರ ಆಚೆಗೊಂದು ರಿಂಗ್ ರೋಡುಗಳು, ಅವಕ್ಕೆ ಹೆಸರೂ ಅಗಲದ ಲೆಕ್ಕದಲ್ಲೇ, 60 ಮೀಟರ್ ರೋಡು, 100 ಮೀಟರ್ ರೋಡು, 120 ಮೀಟರ್ ರೋಡು, ಹೀಗೆ. ಟೂರಿಸಂ ಪೋಸ್ಟರ್‌ಗಳಲ್ಲೆಲ್ಲ ಇದೇ ಫೋಟೋ, ಕೆಳಗೆ "ಜಗತ್ತಿನಲ್ಲಿ ಅತಿ ದೀರ್ಘಕಾಲ ಜನ ವಾಸವಿರೋ ಜಾಗಗಳಲ್ಲಿ ಒಂದು" ಅಂತ ಕ್ಯಾಪ್ಷನ್. ಆದ್ರೆ ಆ ದಿಬ್ಬದ ಮೇಲೆ ಈಗ ಹೆಚ್ಚುಕಡಿಮೆ ಜನ ವಾಸನೇ ಇಲ್ಲ ಅನ್ನೋದನ್ನ ಪೋಸ್ಟರ್ ಹೇಳಲ್ಲ. 2007ರಲ್ಲಿ ಅಲ್ಲಿದ್ದ ಸುಮಾರು 840 ಕುಟುಂಬಗಳನ್ನ ರಿಪೇರಿ ಮಾಡ್ಬೇಕು ಅಂತ ಕೆಳಗೆ ಕಳಿಸಿದ್ರು, ಸಾವಿರಾರು ವರ್ಷದ ವಾಸ ಕಡಿದುಹೋಯ್ತು ಅನ್ನೋ ಮಾತು ಬರಬಾರದು ಅಂತ ಒಂದೇ ಒಂದು ಕುಟುಂಬಕ್ಕೆ ಇರೋಕೆ ಬಿಟ್ರು. 2014ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಅಂದ್ರೆ ವಿಶ್ವ ಪರಂಪರೆ ಅಂತ ಹಣೆಪಟ್ಟಿ ಸಿಗೋ ಹೊತ್ತಿಗೆ ಊರು ಖಾಲಿಯಾಗಿ ಏಳು ವರ್ಷ ಆಗಿತ್ತು.

ಕುರ್ದರು ಅಂದ ತಕ್ಷಣ ನಮ್ಮ ಪೇಪರ್‌ಗಳಲ್ಲಿ ಬರೋದು ಯುದ್ಧ, ಐಸಿಸ್, ಬೆಟ್ಟ, ಬಂದೂಕು ಹಿಡಿದ ಹುಡುಗೀರ ಫೋಟೋ ಇಷ್ಟೇ. ಟರ್ಕಿ, ಇರಾಕ್, ಇರಾನ್, ಸಿರಿಯಾ ನಾಲ್ಕು ದೇಶದಲ್ಲಿ ಹಂಚಿಹೋಗಿರೋ ಈ ಜನಕ್ಕೆ ದೊಡ್ಡ ನಗರಗಳ ಪರಂಪರೆನೂ ಇದೆ ಅನ್ನೋದು ಎಲ್ಲೂ ಕಾಣಲ್ಲ, "ಬೆಟ್ಟದ ಜನ, ಬುಡಕಟ್ಟು" ಅನ್ನೋ ಚಿತ್ರ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ. ಇಲ್ಲಿ ನಾನು ಹೇಳೋಕೆ ಹೊರಟಿರೋದು ಆ ನಗರಗಳು ಹೇಗೆ ಹುಟ್ಟಿದ್ವು, ಒಳಗೆ ಹೇಗಿದ್ವು, ಈಗ ಅವುಗಳ ಗತಿ ಏನಾಗ್ತಿದೆ ಅಂತ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಬಾಂಬು, ಬುಲ್ಡೋಜರ್ ಮಾಡಿದ ಹಾನಿ ಎಲ್ಲರಿಗೂ ಕಾಣತ್ತೆ, ಆದ್ರೆ ಈ ಊರುಗಳನ್ನ ಒಳಗಿಂದ ಬಿಚ್ಚಿಹಾಕಿದ್ದು ನೇರ ರಸ್ತೆಗಳು ಮತ್ತು "ಸಂರಕ್ಷಣೆ" ಹೆಸರಲ್ಲಿ ಜನರನ್ನ ಖಾಲಿ ಮಾಡಿಸೋ ಅಭ್ಯಾಸ, ಇವೆರಡೂ ಒಂದೇ ಬುದ್ಧಿಯ ಕೆಲಸ.

ಮೊದಲು ಹುಟ್ಟಿನ ವಿಷಯ. ಕುರ್ದಿಶ್ ನಗರಗಳಲ್ಲಿ ಬಹುಪಾಲು ಬೆಳೆದಿದ್ದು ಅಮೀರರ, ಅಂದ್ರೆ ಸಣ್ಣ ಸಣ್ಣ ಸಂಸ್ಥಾನಗಳ ರಾಜಧಾನಿಯಾಗಿ. 16ನೇ ಶತಮಾನದಿಂದ ಈ ಕಡೆ ಆಟೋಮನ್ ಸಾಮ್ರಾಜ್ಯ, ಆ ಕಡೆ ಇರಾನಿನ ಸಫವಿ ದೊರೆಗಳು, ಇಬ್ಬರ ನಡುವಿನ ಗಡಿ ಬೆಟ್ಟಗಳಲ್ಲಿ ಈ ಕುರ್ದಿಶ್ ಅಮೀರರು ಯಾರಿಗೆ ಬೇಕೋ ಅವರಿಗೆ ಸಲಾಂ ಹೊಡ್ಕೊಂಡು ತಮ್ಮ ರಾಜ್ಯಭಾರ ತಾವೇ ನಡೆಸ್ತಿದ್ರು. ಟರ್ಕಿಯ ಬಿತ್ಲಿಸ್, ಜಜೀರೆ (ಈಗಿನ ಜಿಜ್ರೆ), ಇರಾಕಿನ ಅಮೇದಿ, ರವಾಂದೂಜ್, ಸುಲೈಮಾನಿಯಾ, ಇರಾನಿನ ಸನಂದಜ್ ಎಲ್ಲ ಹೀಗೆ ಬಂದ ಊರುಗಳು. ಅದಕ್ಕೇ ಇವೆಲ್ಲ ಎಲ್ಲಿ ಕೂತಿದಾವೆ ಅಂತ ನೋಡಿದ್ರೆ ಒಂದು ಪ್ಯಾಟರ್ನ್ ಸಿಗತ್ತೆ, ಬೆಟ್ಟ ಮುಗಿದು ಬಯಲು ಶುರುವಾಗೋ ಅಂಚು, ಇಲ್ಲಾಂದ್ರೆ ಕಣಿವೆಯ ಬಾಯಿ. ಬೇಸಿಗೆಗೆ ಕುರಿ ಹೊಡ್ಕೊಂಡು ಮೇಲೆ ಹೋಗೋ ಜನ, ಕೆಳಗೆ ಗೋಧಿ ಬೆಳೆಯೋ ಜನ, ಇಬ್ಬರೂ ಬಂದು ಉಣ್ಣೆ, ಚರ್ಮ, ತುಪ್ಪ, ಧಾನ್ಯ ಅದಲು ಬದಲು ಮಾಡೋ ಜಾಗ. ಶತ್ರು ಬಂದ್ರೆ ಹಿಂದೆ ಬೆಟ್ಟ ಇದ್ದೇ ಇದೆ.

ಇದರಲ್ಲಿ ಅಮೇದಿ ಒಂದು ವಿಚಿತ್ರ. ಸುತ್ತ ಕಡಿದಾದ ಬಂಡೆ, ಮೇಲೆ ಮೇಜಿನ ಹಾಗೆ ಚಪ್ಪಟೆ, ಅದರ ಮೇಲೆ ಪೂರ್ತಿ ಊರು. ಬಹ್ದಿನಾನ್ ಅಮೀರರ ರಾಜಧಾನಿ ಇದು. ಹತ್ತೋಕೆ ಇದ್ದಿದ್ದು ಕೆತ್ತನೆ ಇರೋ ಕಲ್ಲಿನ ಬಾಗಿಲುಗಳ ದಾರಿ, ಅದರಲ್ಲಿ ಒಂದು ಬಾಗಿಲು ಈಗ್ಲೂ ನಿಂತಿದೆ. ಬೆಳೆಯೋಕೆ ಜಾಗನೇ ಇಲ್ಲದ ಊರು, ಹಾಗಾಗಿ ಆಕಾರನೂ ಕೆಟ್ಟಿಲ್ಲ. ಬಿತ್ಲಿಸ್ ಇದಕ್ಕೆ ಉಲ್ಟಾ, ಇಕ್ಕಟ್ಟಾದ ಕಣಿವೆಯಲ್ಲಿ ಹೊಳೆ ಪಕ್ಕ ಕಲ್ಲಿನ ಮನೆಗಳು. ಕುರ್ದರ ಮೊದಲ ದೊಡ್ಡ ಇತಿಹಾಸ ಗ್ರಂಥ ಶರಫ್‌ನಾಮಾ ಬರೆದ ಶರಫ್ ಖಾನ್ ಇಲ್ಲಿಯ ದೊರೆ, ಅದು ಮುಗಿದಿದ್ದು 1597ರಲ್ಲಿ. 1655ರಲ್ಲಿ ಪ್ರವಾಸಿ ಎವ್ಲಿಯಾ ಚೆಲೆಬಿ ಅಲ್ಲಿಗೆ ಹೋದಾಗ ದೊರೆ ಅಬ್ದಾಲ್ ಖಾನನ ಗ್ರಂಥಾಲಯ, ಹಮಾಮು (ಸ್ನಾನಗೃಹ), ತೋಟ ನೋಡಿ ಬೆರಗಾಗಿ ಪುಟಗಟ್ಟಲೆ ಬರೆದಿದಾನೆ. ಚೆಲೆಬಿ ಸ್ವಲ್ಪ ಬಣ್ಣ ಹಚ್ಚೋ ಆಸಾಮಿನೇ, ಆದ್ರೂ ಊರು ಶ್ರೀಮಂತವಾಗಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ.

ಸುಲೈಮಾನಿಯಾ ಕಥೆ ನಂಗೆ ಹೆಚ್ಚು ಇಷ್ಟ, ಯಾಕಂದ್ರೆ "ಹಳೇ ಏಷ್ಯಾದ ಊರುಗಳೆಲ್ಲ ಪ್ಲಾನ್ ಇಲ್ದೆ ತಂತಾನೇ ಬೆಳೆದಿದ್ದು" ಅನ್ನೋ ಮಾತನ್ನ ಅದು ಸುಳ್ಳು ಮಾಡತ್ತೆ. ಬಾಬಾನ್ ದೊರೆಗಳಿಗೆ ಮೊದಲು ಕಲಾ ಚೊಲಾನ್ ಅನ್ನೋ ಕಡೆ ರಾಜಧಾನಿ ಇತ್ತು, ಅದು ಸಾಲ್ತಿಲ್ಲ ಅಂತ ಮಲ್ಕಂದಿ ಅನ್ನೋ ಹಳ್ಳಿ ಇದ್ದ ಜಾಗದಲ್ಲಿ 1784ರಲ್ಲಿ ಇಬ್ರಾಹಿಂ ಪಾಶಾ ಹೊಸ ಊರನ್ನೇ ಕಟ್ಟಿಸಿದ. ಅರಮನೆ, ದೊಡ್ಡ ಮಸೀದಿ, ಬಜಾರು, ಹಮಾಮು ಮೊದಲು, ಸುತ್ತ ಮೊಹಲ್ಲಾಗಳು ಆಮೇಲೆ. ಬ್ರಿಟಿಷ್ ರೆಸಿಡೆಂಟ್ ಕ್ಲಾಡಿಯಸ್ ರಿಚ್ 1820ರಲ್ಲಿ ಹೋದಾಗ ಊರಿಗೆ ಇನ್ನೂ 40 ವರ್ಷನೂ ಆಗಿರ್ಲಿಲ್ಲ, ಆಗ್ಲೇ ಸುಮಾರು 2,000 ಮುಸ್ಲಿಂ ಮನೆ, 130 ಯಹೂದಿ ಮನೆ, ಬೆರಳೆಣಿಕೆ ಕ್ರಿಶ್ಚಿಯನ್ ಮನೆ ಇದ್ವು ಅಂತ ಲೆಕ್ಕ ಕೊಟ್ಟಿದಾನೆ. ಮನೆಗಳು ನೋಡೋಕೆ ಮಣ್ಣುಮಣ್ಣು, ಏನೂ ಅಂದವಿಲ್ಲ ಅಂತ ಮೂಗು ಮುರಿದಿದ್ದೂ ಇದೆ. ಆದ್ರೆ ಆ ಮಣ್ಣಿನ ಊರಲ್ಲೇ ನಾಲಿ, ಸಾಲಿಂ, ಕುರ್ದಿ ಅನ್ನೋ ಕವಿಗಳು ಬಾಬಾನ್ ದರ್ಬಾರಿನ ಆಸರೆಯಲ್ಲಿ ಸೊರಾನಿ ಅನ್ನೋ ಕುರ್ದಿಶ್ ಉಪಭಾಷೆಯನ್ನ ಸಾಹಿತ್ಯ ಭಾಷೆ ಮಾಡಿದ್ರು. 2019ರಲ್ಲಿ ಯುನೆಸ್ಕೋ ಆ ಊರಿಗೆ ಸಾಹಿತ್ಯ ನಗರ ಅಂತ ಬಿರುದು ಕೊಟ್ಟಿದ್ದರ ಬೇರು ಇಲ್ಲಿದೆ. ಇರಾನ್ ಕಡೆಯ ಸನಂದಜ್ ಕೂಡ ಹೀಗೇ, ಅರ್ದಲಾನ್ ದೊರೆಗಳು 1636ರ ಸುಮಾರಿಗೆ ದಿಬ್ಬದ ಮೇಲೆ ಕೋಟೆ ಕಟ್ಟಿ ಕೆಳಗೆ ಬಜಾರು ಹಾಕಿ ಬೆಳೆಸಿದ ಊರು.

ಈಗ ಒಳಗೆ ಹೋಗೋಣ, ಎರ್ಬಿಲ್ ದಿಬ್ಬದಿಂದಲೇ. ಇದು ಪ್ರಕೃತಿ ಮಾಡಿದ ಗುಡ್ಡ ಅಲ್ಲ. ಮಣ್ಣಿನ ಇಟ್ಟಿಗೆ ಮನೆ ಬೀಳತ್ತೆ, ಅದನ್ನ ಸಮತಟ್ಟು ಮಾಡಿ ಮೇಲೆ ಇನ್ನೊಂದು ಮನೆ, ಅದೂ ಬೀಳತ್ತೆ, ಮತ್ತೊಂದು. ಹೀಗೇ ಸಾವಿರಾರು ವರ್ಷ ನಡೆದು ಸುತ್ತಲ ಬಯಲಿಗಿಂತ 25ರಿಂದ 32 ಮೀಟರ್ ಎತ್ತರ ಆಗಿದೆ, ಉದ್ದ ಸುಮಾರು 430 ಮೀಟರ್, ಅಗಲ 340. ನಾಲ್ಕು ಸಾವಿರ ವರ್ಷದ ಹಿಂದಿನ ಸುಮೇರಿಯನ್ ದಾಖಲೆಗಳಲ್ಲೇ ಊರಿನ ಹೆಸರು ಸಿಗತ್ತೆ, ಅಸ್ಸೀರಿಯನ್ನರ ಕಾಲಕ್ಕೆ ಇಷ್ಟಾರ್ ದೇವಿಯ ದೊಡ್ಡ ಕ್ಷೇತ್ರ ಆಗಿತ್ತು, ಕ್ರಿಸ್ತಪೂರ್ವ 331ರಲ್ಲಿ ಅಲೆಗ್ಸಾಂಡರ್ ದಾರಿಯಸ್‌ನ ಸೋಲಿಸಿದ ಯುದ್ಧಕ್ಕೂ ಈ ಊರಿನ ಹೆಸರೇ ಅಂಟ್ಕೊಂಡಿದೆ. ಈಗ ಮೇಲೆ ಕಾಣೋ ಮನೆಗಳೆಲ್ಲ ಹೆಚ್ಚಾಗಿ 18, 19, 20ನೇ ಶತಮಾನದವು.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಕೆಳಗಿಂದ ನೋಡಿದ್ರೆ ಎತ್ತರದ ಕೋಟೆ ಗೋಡೆ ಥರ ಕಾಣತ್ತಲ್ಲ, ಅದು ಕೋಟೆ ಗೋಡೆ ಅಲ್ಲ. ಅಂಚಿನ ಸುತ್ತ ಒಂದಕ್ಕೊಂದು ಅಂಟ್ಕೊಂಡು ನಿಂತಿರೋ ಸುಮಾರು ನೂರು ಮನೆಗಳ ಹಿಂಬದಿ ಗೋಡೆ ಅದು. ಅಂದ್ರೆ ಊರಿನ ರಕ್ಷಣೆ ಅನ್ನೋದು ಪಾಶಾನ ಸೈನ್ಯದ್ದಲ್ಲ, ಅಲ್ಲಿ ಮನೆ ಮಾಡ್ಕೊಂಡಿರೋರು ತಮ್ಮ ತಮ್ಮ ಗೋಡೆ ಸರಿಯಾಗಿ ಇಟ್ಕೊಂಡಿದ್ರೆ ಮಾತ್ರ ಅದು ಇರತ್ತೆ. ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ರೋಲರ್ ಕಲ್ಲು ಉರುಳಿಸಿ ಗಟ್ಟಿ ಮಾಡ್ಬೇಕು, ಗೋಡೆಗೆ ಹುಲ್ಲು ಕಲಸಿದ ಮಣ್ಣು ಮೆತ್ತಬೇಕು, ಇಲ್ಲಾಂದ್ರೆ ಮಣ್ಣಿನ ಮನೆ ನಿಲ್ಲಲ್ಲ. ಜನ ಇಲ್ಲದ ಮಣ್ಣಿನ ಮನೆ ಕೆಲವೇ ಮಳೆಗಾಲದಲ್ಲಿ ಕುಸಿಯತ್ತೆ. 2007ರ ತೀರ್ಮಾನ ಅರ್ಥ ಮಾಡ್ಕೊಳ್ಳೋಕೆ ಇದು ತಲೆಯಲ್ಲಿ ಇರ್ಲಿ.

ದಿಬ್ಬದ ಮೇಲೆ ಮೂರು ಮೊಹಲ್ಲಾ. ಪೂರ್ವಕ್ಕೆ ಸರಾಯಿ, ಅಲ್ಲಿ ಜಮೀನ್ದಾರರು, ದೊಡ್ಡ ಮನೆತನದವರು. ಮಧ್ಯೆ ತಕ್ಯಾ, ಸೂಫಿ ದರ್ವೇಶಿಗಳ ಮಠಗಳಿದ್ದ ಕಡೆ. ಪಶ್ಚಿಮಕ್ಕೆ ತೋಪ್‌ಖಾನಾ, ಅಲ್ಲಿ ಕೈಕಸುಬಿನವರು, ರೈತರು. ಗಲ್ಲಿಗಳು ಮರದ ಕೊಂಬೆ ಒಡೆದ ಹಾಗೆ, ಬಾಗಿಲಿಂದ ಶುರುವಾಗಿ ಒಡೀತಾ ಒಡೀತಾ ಕೊನೆಗೆ ನಾಲ್ಕೈದು ಮನೆಗಳ ಮುಂದೆ ಮುಗಿದೇ ಹೋಗ್ತವೆ. ಈ ಕೊನೆ ಮುಚ್ಚಿದ ಗಲ್ಲಿಗಳನ್ನ ನೋಡಿ 20ನೇ ಶತಮಾನದ ಎಂಜಿನಿಯರುಗಳು ಅವ್ಯವಸ್ಥೆ ಅಂದ್ರು. ನನಗನ್ಸೋದು ಬೇರೆ. ಬಜಾರು ಎಲ್ಲರದ್ದು, ದೊಡ್ಡ ಗಲ್ಲಿ ಮೊಹಲ್ಲಾದವರದ್ದು, ಮುಚ್ಚಿದ ಗಲ್ಲಿ ಆ ನಾಲ್ಕೈದು ಮನೆಯವರದ್ದು, ಅದರ ಒಳಗೆ ಅಂಗಳ ಒಂದೇ ಕುಟುಂಬದ್ದು, ಹೀಗೆ ಹಂತ ಹಂತವಾಗಿ ಯಾರು ಎಲ್ಲಿತನಕ ಬರಬಹುದು ಅನ್ನೋ ನಿಯಮ ರಸ್ತೆಯ ಆಕಾರದಲ್ಲೇ ಇದೆ, ಬೋರ್ಡ್ ಹಾಕೋ ಅಗತ್ಯನೇ ಇಲ್ಲ, ಅಪರಿಚಿತ ಒಬ್ಬ ಮುಚ್ಚಿದ ಗಲ್ಲಿಗೆ ಬಂದ ಅಂದ್ರೆ ಮಾಳಿಗೆ ಮೇಲಿರೋ ಅಜ್ಜಿಗೆ ಮೊದಲು ಗೊತ್ತಾಗತ್ತೆ.

ಮನೆ ಅಂದ್ರೆ ನಮ್ಮ ತೊಟ್ಟಿ ಮನೆ ಥರ ಅಂದ್ಕೊಳ್ಳಿ, ಬೀದಿ ಕಡೆ ಬರೀ ಗೋಡೆ, ಎಲ್ಲ ಬೆಳಕು ಗಾಳಿ ಮಧ್ಯದ ಅಂಗಳದಿಂದ. ಅಂಗಳದ ಒಂದು ಕಡೆ ಮೂರು ಗೋಡೆ ಮಾತ್ರ ಇರೋ ಐವಾನ್, ನೆಲದಡಿ ಬೇಸಿಗೆ ಮಧ್ಯಾಹ್ನ ಮಲಗೋಕೆ ತಂಪಾದ ಸರ್ದಾಬ್, ರಾತ್ರಿ ಮಲಗೋಕೆ ಮಾಳಿಗೆ. ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ. ಕಪ್ಪು ಬಸಾಲ್ಟ್ ಕಲ್ಲಿನ ಮನೆಗಳು, ಒಂದೇ ಅಂಗಳದ ಸುತ್ತ ಬೇಸಿಗೆ ಭಾಗ ಬೇರೆ, ಚಳಿಗಾಲದ ಭಾಗ ಬೇರೆ, ಕುಟುಂಬ ವರ್ಷ ಪೂರ್ತಿ ತನ್ನ ಮನೆಯೊಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಮಾನು ಸಾಗಿಸ್ತಾ ಇರತ್ತೆ. ಅಂಗಳಕ್ಕೆ ರಂಧ್ರ ರಂಧ್ರ ಇರೋ ಕಲ್ಲು, ಸಂಜೆ ನೀರು ಚೆಲ್ಲಿದ್ರೆ ಕುಡ್ಕೊಂಡು ತಂಪು ಬಿಡ್ತಾ ಇರತ್ತೆ. ಎಸಿ ಇಲ್ಲದ ಕಾಲದಲ್ಲಿ 40 ಡಿಗ್ರಿ ದಾಟೋ ಬೇಸಿಗೆಗೆ ಇದಕ್ಕಿಂತ ಜಾಣ ಉತ್ತರ ಕಷ್ಟ. ಬೆಟ್ಟದ ಕಡೆ ಹೋದ್ರೆ, ಇರಾಕಿನ ಅಕ್ರೆ ಅಥವಾ ಇರಾನಿನ ಹವ್ರಾಮಾನ್, ಅಲ್ಲಿ ಕೆಳಗಿನ ಮನೆಯ ಮಾಳಿಗೆನೇ ಮೇಲಿನ ಮನೆಯ ಅಂಗಳ. ಹವ್ರಾಮಾನ್ 2021ರಲ್ಲಿ ಯುನೆಸ್ಕೋ ಪಟ್ಟಿಗೆ ಬಂತು.

ನೀರಿನ ವಿಷಯ ಬಿಟ್ರೆ ಇದೆಲ್ಲ ಅರ್ಧಂಬರ್ಧ. ಕಾರೇಜ್ ಅಂತ ನೆಲದಡಿಯ ಸುರಂಗ ಕಾಲುವೆಗಳು, ಬೆಟ್ಟದ ಬುಡದ ಅಂತರ್ಜಲವನ್ನ ಪಂಪಿಲ್ದೆ ಬರೀ ಇಳಿಜಾರಲ್ಲಿ ಊರಿಗೆ ತರೋ ವ್ಯವಸ್ಥೆ, ನಮ್ಮ ಬೀದರ್‌ನಲ್ಲಿ ಬಹಮನಿ ಕಾಲದಲ್ಲಿ ಇರಾನ್ ಕಡೆಯ ತಂತ್ರದಿಂದ ತೋಡಿದ ಕರೇಜ್ ಇದರದೇ ಬಳಗ. ಸುಲೈಮಾನಿಯಾ ನಿಂತಿದ್ದೇ ಕಾರೇಜ್ ನೀರಿನ ಮೇಲೆ, ಮಸೀದಿಗೆ, ಹಮಾಮಿಗೆ, ಮೊಹಲ್ಲಾಗಳಿಗೆ. ಯುನೆಸ್ಕೋ ಮಾಡಿಸಿದ ಸರ್ವೆ ಪ್ರಕಾರ ಉತ್ತರ ಇರಾಕಿನ 683 ಕಾರೇಜ್‌ಗಳಲ್ಲಿ 2009ರ ಹೊತ್ತಿಗೆ ನೀರು ಕೊಡ್ತಾ ಇದ್ದಿದ್ದು ಬರೀ 116. ಬರಗಾಲ ಒಂದು ಕಾರಣ, ಬೋರ್‌ವೆಲ್ ಇನ್ನೊಂದು. ಎರ್ಬಿಲ್‌ಗೆ ಕ್ರಿಸ್ತಪೂರ್ವ 700ರ ಸುಮಾರಿಗೆ ಅಸ್ಸೀರಿಯಾದ ದೊರೆ ಸೆನ್ನಾಕೆರಿಬ್ ಬಸ್ತೋರಾ ಕಣಿವೆಯಿಂದ ಕಾಲುವೆ ತಂದು, ತಂದಿದ್ದು ನಾನೇ ಅಂತ ಕಲ್ಲಲ್ಲಿ ಕೆತ್ತಿಸಿ ಹೋಗಿದ್ದ. ಈಗ ಬೋರ್‌ವೆಲ್ ಕೊರೆದೂ ಕೊರೆದೂ ಅಂತರ್ಜಲ ಪಾತಾಳಕ್ಕೆ ಹೋಗಿ, ಝಾಬ್ ನದಿಯಿಂದ ಪೈಪಲ್ಲಿ ನೀರು ತರೋ ದೊಡ್ಡ ಯೋಜನೆಗಳನ್ನ ಸರ್ಕಾರ ಮಾಡ್ತಿದೆ.

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು, ಯಾಕಂದ್ರೆ ಕುರ್ದಿಶ್ ರಾಷ್ಟ್ರೀಯವಾದಿಗಳು ಇದನ್ನ ಸ್ವಲ್ಪ ಮೆತ್ತಗೆ ಹೇಳ್ತಾರೆ. ಈ ನಗರಗಳು ಬರೀ ಕುರ್ದರ ನಗರಗಳಾಗಿರ್ಲಿಲ್ಲ. ಎರ್ಬಿಲ್ ದಿಬ್ಬದ ಮೇಲೆ ತುರ್ಕ್‌ಮನ್ ಮನೆತನಗಳು ಪ್ರಬಲವಾಗಿದ್ವು. ದಿಯಾರ್‌ಬಕಿರ್‌ನಲ್ಲಿ ಅರ್ಮೇನಿಯನ್ನರು, ಸಿರಿಯಾಕ್ ಕ್ರಿಶ್ಚಿಯನ್ನರು ಜನಸಂಖ್ಯೆಯ ದೊಡ್ಡ ಪಾಲು, ಕಲ್ಲುಕುಟಿಗರು, ಅಕ್ಕಸಾಲಿಗರು, ರೇಷ್ಮೆ ನೇಯೋರು ಅವರೇ. 1915ರಲ್ಲಿ ಆಟೋಮನ್ ಸರ್ಕಾರ ನಡೆಸಿದ ನರಮೇಧದಲ್ಲಿ ಅವರನ್ನ ಕೊಂದ್ರು, ಓಡಿಸಿದ್ರು, ಅದರಲ್ಲಿ ಕೆಲವು ಕುರ್ದಿಶ್ ಬುಡಕಟ್ಟುಗಳ ಕೈನೂ ಇತ್ತು. ಸುಲೈಮಾನಿಯಾದ ಜೂಲಕಾನ್ ಅನ್ನೋದು ಯಹೂದಿಗಳ ಮೊಹಲ್ಲಾ, 1950-51ರಲ್ಲಿ ಇರಾಕಿನ ಯಹೂದಿಗಳು ಸಾಮೂಹಿಕವಾಗಿ ಇಸ್ರೇಲ್‌ಗೆ ಹೋದಾಗ ಅದು ಖಾಲಿ ಆಯ್ತು, ಹೆಸರು ಮಾತ್ರ ಉಳೀತು. ಅಂದ್ರೆ ಎಂಜಿನಿಯರ್ ಬಂದು ರಸ್ತೆ ಎಳೆಯೋಕೆ ಮುಂಚೆನೇ ಊರಿನ ಅರ್ಧ ಕಸುಬು ಹೋಗಿಬಿಟ್ಟಿತ್ತು.

ಅಮೀರರ ಕಥೆ ಅದಕ್ಕೂ ಮುಂಚೆ ಮುಗೀತು. 19ನೇ ಶತಮಾನದಲ್ಲಿ ಇಸ್ತಾನ್‌ಬುಲ್‌ಗೂ ತೆಹರಾನ್‌ಗೂ ನೇರ ಆಳ್ವಿಕೆ ಬೇಕಾಯ್ತು. 1836ರಲ್ಲಿ ರವಾಂದೂಜ್, 1847ರಲ್ಲಿ ಬೋತಾನ್‌ನ ಬೆದಿರ್‌ಖಾನ್, 1850ರ ಹೊತ್ತಿಗೆ ಬಾಬಾನ್, 1867ರಲ್ಲಿ ಅರ್ದಲಾನ್, ಒಂದೊಂದಾಗಿ ಉರುಳಿದ್ವು. ರಾಜಧಾನಿಗಳು ಜಿಲ್ಲಾ ಕೇಂದ್ರಗಳಾದ್ವು, ದರ್ಬಾರಿಗೆ ಅಂತ ನೇಯ್ತಿದ್ದ, ಕೆತ್ತುತ್ತಿದ್ದ ಜನಕ್ಕೆ ಗಿರಾಕಿ ಇಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲಂತೂ ಹೊಸ ಗಡಿಗಳು ಬಂದು ಊರುಗಳ ಹಿನ್ನಾಡನ್ನೇ ಕತ್ತರಿಸಿ ಹಾಕಿದ್ವು. ಸುಲೈಮಾನಿಯಾ ವ್ಯಾಪಾರ ಇದ್ದಿದ್ದು ಸನಂದಜ್ ಜೊತೆ, ನಡುವೆ ಈಗ ಕಸ್ಟಮ್ಸ್. ಟರ್ಕಿಯ ನುಸಯ್ಬಿನ್ ಹಳೇ ಊರು, ಗಡಿಯಾಚೆ ಸಿರಿಯಾ ಭಾಗದಲ್ಲಿ ಫ್ರೆಂಚರು 1926ರಲ್ಲಿ ಚೌಕಾಕಾರದ ಬೀದಿ ಹಾಕಿ ಕಾಮಿಶ್ಲಿ ಅಂತ ಹೊಸ ಊರನ್ನೇ ಎದುರಿಗೆ ನಿಲ್ಲಿಸಿದ್ರು.

ಈಗ ರಸ್ತೆಗಳು. 1930ರ ದಶಕದಲ್ಲಿ ಇರಾನಿನ ರೆಜಾ ಶಾ ಊರೂರಿನ ಹಳೇ ಭಾಗದ ಮಧ್ಯೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ರಸ್ತೆ ಕೊರೆಸಿದ. ಸನಂದಜ್‌ನಲ್ಲಿ ಚಾವಣಿ ಇರೋ ಬಜಾರನ್ನೇ ರಸ್ತೆ ಎರಡು ತುಂಡು ಮಾಡ್ತು, ಈಗ್ಲೂ ಆ ಕಡೆ ಅರ್ಧ ಈ ಕಡೆ ಅರ್ಧ ಇದೆ. ಅದೇ ದಶಕದಲ್ಲಿ ದಿಯಾರ್‌ಬಕಿರ್‌ನ ಗವರ್ನರ್ ಒಬ್ಬ ಊರಿಗೆ ಗಾಳಿ ಆಡ್ತಿಲ್ಲ ಅಂತ ರೋಮನ್ ಕಾಲದಿಂದ ಬಂದ ಕೋಟೆ ಗೋಡೆಯನ್ನೇ ಉತ್ತರದ ದಾಗ್‌ಕಾಪಿ ಬಾಗಿಲ ಹತ್ರ ಕೆಡವೋಕೆ ಶುರು ಮಾಡಿದ್ದ, ಫ್ರೆಂಚ್ ಪುರಾತತ್ವಜ್ಞ ಆಲ್ಬರ್ಟ್ ಗೇಬ್ರಿಯಲ್ ಗಲಾಟೆ ಮಾಡಿದ್ದಕ್ಕೆ ನಿಲ್ತು. ಎರ್ಬಿಲ್‌ನಲ್ಲಿ 1958-60ರ ಸುಮಾರಿಗೆ ದಿಬ್ಬದ ದಕ್ಷಿಣ ಬಾಗಿಲಿಂದ ಉತ್ತರಕ್ಕೆ ಒಂದು ನೇರ ರಸ್ತೆ ಬೇಕು ಅಂತ 60ಕ್ಕೂ ಹೆಚ್ಚು ಮನೆ, ಒಂದು ಮಸೀದಿ, ಒಂದು ಸ್ಕೂಲು ಕೆಡವಿದ್ರು. 340 ಮೀಟರ್ ಅಗಲದ ದಿಬ್ಬಕ್ಕೆ ಯಾಕ್ರೀ ಹೈವೇ? ಕಾರು ಮೇಲೆ ಬರ್ಲಿ, ಪೊಲೀಸ್ ಜೀಪು ಬರ್ಲಿ, ಅಷ್ಟೇ. ಕೊಂಬೆ ಕೊಂಬೆಯಾಗಿದ್ದ ಗಲ್ಲಿಗಳ ಬುಡಕ್ಕೇ ಇದು ಕೊಡಲಿ ಹಾಕ್ತು, ಮೊಹಲ್ಲಾಗಳ ಗಡಿ ಅಳಿಸಿಹೋಯ್ತು. ಹಳೇ ಮುಖ್ಯ ಬಾಗಿಲೂ ಆ ಕಾಲದಲ್ಲೇ ಹೋಯ್ತು, 1979ರಲ್ಲಿ ಅದರ ಜಾಗದಲ್ಲಿ ಬ್ಯಾಬಿಲೋನ್ ಸ್ಟೈಲಿನ ದೊಡ್ಡ ಬಾಗಿಲು ಕಟ್ಟಿದ್ರು, ಎರ್ಬಿಲ್‌ಗೂ ಬ್ಯಾಬಿಲೋನ್‌ಗೂ ಏನು ಸಂಬಂಧ ಅಂದ್ರೆ ಬಾಗ್ದಾದಿನ ಬಾಥ್ ಪಕ್ಷದ ಸರ್ಕಾರಕ್ಕೆ ಬೇಕಿದ್ದ ಚರಿತ್ರೆ ಅದು. ಆಮೇಲೆ ಅದನ್ನೂ ಕೆಡವಿ ಹಳೇದರ ಥರ ಮತ್ತೆ ಕಟ್ಟಿದ್ದಾಯ್ತು.

ರಸ್ತೆ ಬಂದ್ಮೇಲೆ ದೊಡ್ಡ ಮನೆತನದವರು ಕೆಳಗೆ ಕಾರ್ ಶೆಡ್, ಗಾರ್ಡನ್ ಇರೋ ಮನೆ ಕಟ್ಕೊಂಡು ಹೋದ್ರು. ಅಂಕಿ ನೋಡಿ, 1920ರ ದಶಕದಲ್ಲಿ ಮೇಲೆ ಸುಮಾರು 500 ಮನೆ, 1984ಕ್ಕೆ 375 ಮನೇಲಿ 4,466 ಜನ, 1995ಕ್ಕೆ 247 ಮನೇಲಿ 1,631 ಜನ. ಆಮೇಲೆ ಮತ್ತೆ ಜಾಸ್ತಿ ಆಗಿದ್ದು ಬಡವರು, ಹಳ್ಳಿ ಕಳ್ಕೊಂಡು ಬಂದೋರು. ಹಳ್ಳಿ ಕಳ್ಕೊಂಡೋರು ಅಂದ್ರೆ ಅದು ಸಣ್ಣ ಸಂಖ್ಯೆ ಅಲ್ಲ. ಸದ್ದಾಂ ಸರ್ಕಾರ 70-80ರ ದಶಕದಲ್ಲಿ ಕುರ್ದಿಶ್ ಪ್ರದೇಶದ 4,000ದಷ್ಟು ಹಳ್ಳಿ ನೆಲಸಮ ಮಾಡ್ತು, 1988ರ ಅನ್ಫಾಲ್ ಕಾರ್ಯಾಚರಣೆಯಲ್ಲಿ ಸತ್ತೋರು 50,000ಕ್ಕೂ ಹೆಚ್ಚು, ಮಾರ್ಚ್ 16ರಂದು ಹಲಬ್ಜಾ ಮೇಲೆ ವಿಷಾನಿಲ, 1989ರಲ್ಲಿ ಕಲಾದಿಜಾ ಅನ್ನೋ ಇಡೀ ಪಟ್ಟಣವನ್ನೇ ಡೈನಮೈಟ್ ಇಟ್ಟು ಉರುಳಿಸಿದ್ರು. ಬದುಕಿದವರನ್ನ ಮಿಲಿಟರಿ ಕಾವಲಿರೋ ಬಯಲಲ್ಲಿ ಚೌಕ ಚೌಕ ಪ್ಲಾಟ್ ಹಾಕಿದ ಮುಜಮ್ಮಾ ಅನ್ನೋ ಕಾಲೊನಿಗಳಿಗೆ ತಳ್ಳಿದ್ರು. ಗಮನಿಸಿ, ಅಲ್ಲೂ ನೇರ ರಸ್ತೆ, ಕಾವಲುಗಾರ ಒಂದು ಕೊನೇಲಿ ನಿಂತ್ರೆ ಇನ್ನೊಂದು ಕೊನೆ ಕಾಣಬೇಕು. ಇವತ್ತಿನ ಎರ್ಬಿಲ್, ಸುಲೈಮಾನಿಯಾ ಸುತ್ತಲಿನ ಎಷ್ಟೋ ಬಡಾವಣೆಗಳ ಮೂಲ ಈ ಕಾಲೊನಿಗಳೇ.

ಹೀಗೆ ಬಂದ ಜನ ದಿಬ್ಬದ ಮೇಲೆ ಒಂದೊಂದು ಹಳೇ ಹವೇಲಿಯಲ್ಲಿ ನಾಲ್ಕೈದು ಸಂಸಾರ ಹೂಡಿದ್ರು, ಐವಾನ್‌ಗೆ ಬ್ಲಾಕ್ ಗೋಡೆ ಕಟ್ಟಿ ರೂಮು ಮಾಡ್ಕೊಂಡ್ರು, ಚರಂಡಿ ಇಲ್ಲದೆ ಪೈಪ್ ನೀರು ಬಂದು ಕೊಳಚೆ ಎಲ್ಲ ಇಳಿಜಾರಿಗೆ ಇಂಗಿ ಅಂಚಿನ ಮನೆಗಳು ಬಾಯಿ ಬಿಡೋಕೆ ಶುರುವಾದ್ವು. ಕುರ್ದಿಸ್ತಾನ್ ಸರ್ಕಾರ, ಅಂದ್ರೆ ಉತ್ತರ ಇರಾಕಿನ ಕುರ್ದರ ಸ್ವಾಯತ್ತ ಸರ್ಕಾರ, ಹೇಳೋ ಕಾರಣ ಸುಳ್ಳಲ್ಲ, ಪರಿಸ್ಥಿತಿ ನಿಜವಾಗ್ಲೂ ಕೆಟ್ಟಿತ್ತು. ಅವರಿಗೆ ಊರಾಚೆ ಜಾಗ, ಪರಿಹಾರ ಎಲ್ಲ ಕೊಟ್ಟೇ ಕಳಿಸಿದ್ದು. ಆದ್ರೆ ರಿಪೇರಿ ಮುಗಿದ್ಮೇಲೆ ವಾಪಸ್ ಇಡೋದು ಸುಮಾರು 50 ಕುಟುಂಬ ಅನ್ನೋದು ಪ್ಲಾನು. 840ಕ್ಕೆ 50. ಉಳಿದಿದ್ದೆಲ್ಲ ಮ್ಯೂಸಿಯಂ, ಗ್ಯಾಲರಿ, ಹೋಟೆಲು, ಆಫೀಸು. 2014ರಲ್ಲಿ ಬಾಗ್ದಾದ್ ಬಜೆಟ್ ದುಡ್ಡು ನಿಲ್ಲಿಸಿ, ಎಣ್ಣೆ ಬೆಲೆ ಬಿದ್ದು, ಐಸಿಸ್ ಎರ್ಬಿಲ್ ಬಾಗಿಲಿಗೇ ಬಂದಾಗ ಕೆಲಸನೂ ಕುಂಟುತ್ತಾ ಹೋಯ್ತು. ಮಣ್ಣಿನ ಮನೆಗೆ ಪ್ರತಿ ವರ್ಷ ಮೆತ್ತಿಗೆ ಬೇಕು ಅಂದ್ನಲ್ಲ, ಈಗ ಅದನ್ನ ಮಾಡೋದು ಟೆಂಡರು.

ಅದೇ ವರ್ಷಗಳಲ್ಲಿ ಕೆಳಗೆ ಏನಾಗ್ತಿತ್ತು ಅಂತ ನೋಡಿದ್ರೆ ಚಿತ್ರ ಪೂರ್ತಿಯಾಗತ್ತೆ. 2003ರಲ್ಲಿ ಸದ್ದಾಂ ಹೋದ, 2006ರಲ್ಲಿ ಕುರ್ದಿಸ್ತಾನ್ ಸರ್ಕಾರ ಹೂಡಿಕೆ ಕಾನೂನು ತಂದು ಬಿಲ್ಡರ್‌ಗಳಿಗೆ ಜಮೀನು, ಟ್ಯಾಕ್ಸ್ ರಿಯಾಯ್ತಿ ಕೊಡ್ತು, ರಿಂಗ್ ರೋಡ್ ಆಚೆ ಡ್ರೀಮ್ ಸಿಟಿ, ಇಟಾಲಿಯನ್ ವಿಲೇಜ್, ಇಂಗ್ಲಿಷ್ ವಿಲೇಜ್ ಅಂತ ಗೇಟು, ಗಾರ್ಡ್ ಇರೋ ಕಾಲೊನಿಗಳು ಎದ್ವು. ಹೆಸರು ನೋಡಿ ನಗಬೇಡಿ, ಬೆಂಗಳೂರಲ್ಲೂ ಇದೇ ಕಥೆ. ದಿಬ್ಬದ ಬುಡದಲ್ಲಿ ಅಂಗಡಿಗಳನ್ನ ತೆಗೆದು ಕಾರಂಜಿ ಇರೋ ದೊಡ್ಡ ಚೌಕ ಮಾಡಿದ್ರು, ಸಂಜೆ ಜನ ತುಂಬ್ತಾರೆ, ಚೆನ್ನಾಗೇ ಇದೆ. ಪಕ್ಕದ ಕೈಸರಿ ಬಜಾರು ಮಾತ್ರ ಇನ್ನೂ ಹಳೇ ಲೆಕ್ಕದಲ್ಲೇ ನಡೀತಿದೆ, ಬಟ್ಟೆಯವರು ಒಂದು ಸಾಲು, ಚಿನ್ನದವರು ಒಂದು ಸಾಲು, ಜೇನು, ಗಿಣ್ಣು ಒಂದು ಸಾಲು, ದಿಬ್ಬದ ಗೋಡೆಗೇ ಒರಗಿಕೊಂಡಿರೋ ಮಚ್ಕೊ ಚಾಯ್‌ಖಾನಾದಲ್ಲಿ ಕವಿಗಳು, ರಿಟೈರ್ಡ್ ಮೇಷ್ಟ್ರುಗಳು. ಈ ಬಜಾರಲ್ಲಿ 2024ರ ಮೇನಲ್ಲಿ ಬೆಂಕಿ ಬಿದ್ದು ನೂರಾರು ಅಂಗಡಿ ಸುಟ್ಟುಹೋದ್ವು. ಹಳೇ ವೈರಿಂಗು, ಮರದ ಚಾವಣಿ, ಇಕ್ಕಟ್ಟು ಗಲ್ಲಿ, ಇದು ಆಗೋದೇ. ಬಜಾರಿನ ಸುರಕ್ಷತೆಗೆ ಹಾಕಬೇಕಿದ್ದ ದುಡ್ಡು ಕಾರಂಜಿಗೆ ಹೋಯ್ತು ಅಂತ ಅಂದ್ರೆ ತಪ್ಪಾಗಲ್ಲ ಅನ್ಸತ್ತೆ.

ದಿಯಾರ್‌ಬಕಿರ್ ವಿಷಯಕ್ಕೆ ಬಂದ್ರೆ ಇದೇ ಬುದ್ಧಿ ಬಂದೂಕಿನ ಜೊತೆ ಬಂದಿದ್ದು. ಕುರ್ದರು ಆಮೆದ್ ಅಂತ ಕರೆಯೋ ಈ ಊರಿನ ಕೋಟೆ ಒಳಗಿನ ಭಾಗಕ್ಕೆ ಸುರ್ ಅಂತ ಹೆಸರು, ಸುತ್ತ ಹೆಚ್ಚುಕಡಿಮೆ 5.8 ಕಿಲೋಮೀಟರ್ ಕಪ್ಪು ಗೋಡೆ, 82 ಬುರುಜು, ಕೆಳಗೆ ಟೈಗ್ರಿಸ್ ನದಿ ತನಕ ಹೆವ್‌ಸೆಲ್ ತೋಟಗಳು. 1990ರ ದಶಕದಲ್ಲಿ ಟರ್ಕಿ ಸೈನ್ಯ ಪಿಕೆಕೆ ಅನ್ನೋ ಕುರ್ದಿಶ್ ಸಶಸ್ತ್ರ ಬಂಡಾಯ ಸಂಘಟನೆ ವಿರುದ್ಧದ ಯುದ್ಧದಲ್ಲಿ 3,000ದಷ್ಟು ಹಳ್ಳಿ ಹಾಡಿಗಳನ್ನ ಖಾಲಿ ಮಾಡಿಸಿದಾಗ ಆ ಜನ ಬಂದು ಸೇರಿದ್ದು ಇಲ್ಲೇ, ಅರ್ಮೇನಿಯನ್ನರು ಬಿಟ್ಟುಹೋದ ಹವೇಲಿಗಳನ್ನ ಭಾಗ ಮಾಡ್ಕೊಂಡು. ಬಡ ಊರು, ಆದ್ರೆ ಬದುಕಿದ್ದ ಊರು. ಸ್ಥಳೀಯ ಮುನ್ಸಿಪಾಲಿಟಿ ಸಹಾಯದಿಂದ ಸುರ್ಪ್ ಗಿರಾಗೋಸ್ ಅನ್ನೋ ದೊಡ್ಡ ಅರ್ಮೇನಿಯನ್ ಚರ್ಚ್ 2011ರಲ್ಲಿ ರಿಪೇರಿ ಆಗಿ ತೆರೀತು.

2015ರ ಜುಲೈನಲ್ಲಿ ಕೋಟೆ, ತೋಟ ಎರಡೂ ಯುನೆಸ್ಕೋ ಪಟ್ಟಿಗೆ ಬಂದ್ವು. ಅದೇ ತಿಂಗಳು ಸರ್ಕಾರ-ಪಿಕೆಕೆ ಶಾಂತಿ ಮಾತುಕತೆ ಮುರಿದುಬಿತ್ತು. ಪಿಕೆಕೆ ಕಡೆಯ ಹುಡುಗರು ಸುರ್ ಗಲ್ಲಿಗಳಲ್ಲಿ ಕಂದಕ ತೋಡಿ ತಡೆ ಕಟ್ಟಿದ್ರು, ಸರ್ಕಾರ ಕರ್ಫ್ಯೂ ಹಾಕ್ತು. ನವೆಂಬರ್ 28ರಂದು ವಕೀಲರ ಸಂಘದ ಅಧ್ಯಕ್ಷ ತಾಹಿರ್ ಎಲ್ಚಿ ನಾಲ್ಕು ಕಾಲಿನ ಮಿನಾರ್ ಮುಂದೆ ನಿಂತು, ಈ ಪ್ರಾಚೀನ ಜಾಗದಲ್ಲಿ ಬಂದೂಕು ಬೇಡ ಅಂತ ಪ್ರೆಸ್ ಮುಂದೆ ಹೇಳಿದ ಸ್ವಲ್ಪ ಹೊತ್ತಲ್ಲೇ ಗುಂಡು ತಗುಲಿ ಸತ್ರು. ಡಿಸೆಂಬರ್‌ನಿಂದ ಪೂರ್ವ ಭಾಗದ ಆರು ಮೊಹಲ್ಲಾಗಳಲ್ಲಿ ಟ್ಯಾಂಕು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ರು. ಆದ್ರೆ ನಂಗೆ ಮುಖ್ಯ ಅನ್ಸೋದು ಕಾಳಗ ಮುಗಿದ್ಮೇಲೆ ಆಗಿದ್ದು. 2016ರ ಮಾರ್ಚಲ್ಲಿ ಸಂಪುಟ ತುರ್ತು ಭೂಸ್ವಾಧೀನ ಅಂತ ಆದೇಶ ಹೊರಡಿಸಿ ಸುರ್‌ನ 6,000ಕ್ಕೂ ಹೆಚ್ಚು ನಿವೇಶನ, ಅಂದ್ರೆ ಶೇಕಡಾ 80ರಷ್ಟು ಜಾಗ, ಸರ್ಕಾರದ ಕೈಗೆ ತಗೊಳ್ತು. ಚರ್ಚುಗಳೂ ಅದರಲ್ಲಿ. ಗುಂಡು ತಾಕದೇ ನಿಂತಿದ್ದ ಮನೆಗಳನ್ನೂ ಬುಲ್ಡೋಜರ್ ತೆಗೀತು. ಆಗಿನ ಪ್ರಧಾನಿ ದಾವುತೋಗ್ಲು ಸುರ್ ಅನ್ನ ಸ್ಪೇನಿನ ಟೊಲೆಡೊ ಥರ ಮಾಡ್ತೀವಿ ಅಂದ್ರು.

ಮಾಡಿದ್ದೇನಪ್ಪಾ ಅಂದ್ರೆ ಗಲ್ಲಿಗಳ ಜಾಗದಲ್ಲಿ ಅಗಲ ರಸ್ತೆ, ಕಾಂಕ್ರೀಟ್ ಮನೆಗೆ ಮೇಲೆ ತೆಳು ಬಸಾಲ್ಟ್ ಹೊದಿಕೆ, ಹಳೇ ಸ್ಟೈಲಿನ ಕಿಟಕಿ, ಎರಡಂತಸ್ತಿನ ವಿಲ್ಲಾ. ಕಪ್ಪು ಕಲ್ಲಿದೆ, ಅಂಗಳವೂ ಇದೆ, ಫೋಟೋದಲ್ಲಿ ಸುರ್ ಥರನೇ. ಇಲ್ಲದೇ ಇರೋದು ಮುಚ್ಚಿದ ಗಲ್ಲಿ ಮತ್ತು ಅಲ್ಲಿದ್ದ ಬಡವರು, ಅವರಿಗೆ ಊರಾಚೆ ಸರ್ಕಾರಿ ಹೌಸಿಂಗ್ ಏಜೆನ್ಸಿಯ ಅಪಾರ್ಟ್‌ಮೆಂಟ್, ಅದೂ ಕಂತಲ್ಲಿ. ಇಲ್ಲಿಯ ಜನಕ್ಕೆ ಟ್ಯಾಂಕ್ ಹೋಗೋಷ್ಟು ಅಗಲದ ರಸ್ತೆ ಯಾಕೆ ಅಂತ ಚೆನ್ನಾಗೇ ಗೊತ್ತು. ನುಸಯ್ಬಿನ್, ಜಿಜ್ರೆಯಲ್ಲೂ 2016ರಲ್ಲಿ ಹೀಗೇ ಮೊಹಲ್ಲಾ ಮೊಹಲ್ಲಾನೇ ಸಪಾಟು. ಸುರ್ಪ್ ಗಿರಾಗೋಸ್ ಮತ್ತೆ ರಿಪೇರಿ ಆಗಿ 2022ರಲ್ಲಿ ತೆರೀತು, ಸುತ್ತ ಇದ್ದ ಮೊಹಲ್ಲಾ ಇಲ್ಲ. ಟೈಗ್ರಿಸ್ ದಡದಲ್ಲೇ ಇನ್ನೂ ಕೆಳಗಿದ್ದ ಹಸನ್‌ಕೇಫ್ ಅನ್ನೋ ಹಳೇ ಊರಂತೂ ಇಲಿಸು ಡ್ಯಾಮಿನ ನೀರಲ್ಲಿ 2020ರ ಹೊತ್ತಿಗೆ ಮುಳುಗೇ ಹೋಯ್ತು, 1,100 ಟನ್ ತೂಕದ ಜೈನಲ್ ಬೇ ಸಮಾಧಿಯನ್ನ ಚಕ್ರದ ಮೇಲಿಟ್ಟು ಸಾಗಿಸಿ ಉಳಿಸಿದ್ರು, ಸ್ಮಾರಕ ಉಳೀತು ಊರು ಹೋಯ್ತು.

ಹಾಗಂತ ಎರ್ಬಿಲ್ ಮತ್ತು ಸುರ್ ಎರಡೂ ಒಂದೇ ಅಂತ ಹೇಳಿದ್ರೆ ಅನ್ಯಾಯ ಆಗತ್ತೆ. ಒಂದು ಕಡೆ ಸ್ವಂತ ಸರ್ಕಾರ, ಪರಿಹಾರ ಕೊಟ್ಟು, ಒಳ್ಳೇ ಉದ್ದೇಶದಿಂದ ಮಾಡಿದ್ದು, ಇನ್ನೊಂದು ಕಡೆ ಶಿಕ್ಷೆ ಥರ. ಹಳೇ ಮೊಹಲ್ಲಾ ಜೀವನನ ರೊಮ್ಯಾಂಟಿಕ್ ಮಾಡೋದೂ ಬೇಡ, ಅಂಗಳದ ಹೆಂಗಸರಿಗೆ ಆ ಗೋಡೆ ರಕ್ಷಣೆಯಷ್ಟೇ ಬಂಧನವೂ ಆಗಿತ್ತು, ಚರಂಡಿ ಇಲ್ಲದ ಗಲ್ಲಿಯಲ್ಲಿ ಕಾಲರಾ ಬಂದು ಸಾಯ್ತಿದ್ದಿದ್ದೂ ಬಡವರೇ. ಆದ್ರೆ ಎರಡು ಕಡೆನೂ ಮನೆಯನ್ನ ಮನೆಯವರಿಂದ ಬೇರೆ ಮಾಡಿ ನೋಡಿದ್ರು, ಅದು ತಪ್ಪು ಅಂತ ನನ್ನ ವಾದ. ಚರಂಡಿ ಹಾಕ್ಬೇಕಿತ್ತು ಅಂದ್ರೆ ಒಂದೊಂದು ಗಲ್ಲಿಯಾಗಿ ಹಾಕಬಹುದಿತ್ತು, ಹತ್ತು ಮನೆಯವರನ್ನ ಆರು ತಿಂಗಳು ಕೆಳಗೆ ಇಟ್ಟು ವಾಪಸ್ ಕರ್ಕೊಂಡು ಬರಬಹುದಿತ್ತು. ನಿಧಾನ ಆಗತ್ತೆ, ರಿಬ್ಬನ್ ಕಟ್ ಮಾಡೋಕೆ ದೊಡ್ಡ ಫಂಕ್ಷನ್ ಸಿಗಲ್ಲ, ಅದಕ್ಕೇ ಯಾವ ಸರ್ಕಾರಕ್ಕೂ ಇಷ್ಟ ಆಗಲ್ಲ.

ಸುಲೈಮಾನಿಯಾದಲ್ಲಿ ಸಮಸ್ಯೆ ಇನ್ನೊಂದು ಥರ. ಅಲ್ಲಿ ಯಾರೂ ಖಾಲಿ ಮಾಡಿಸ್ತಿಲ್ಲ, ಯುನೆಸ್ಕೋ ಪಟ್ಟಿಯ ಕೋಟೆನೂ ಇಲ್ಲ. ಸಾಬುನ್‌ಕರಾನ್, ಮಲ್ಕಂದಿ ಥರದ ಹಳೇ ಮೊಹಲ್ಲಾಗಳಲ್ಲಿ ಇಟ್ಟಿಗೆ ಕಂಬದ ವರಾಂಡ ಇರೋ ಮನೆಗಳಿಗಿಂತ ಅದರ ಕೆಳಗಿನ ಜಾಗಕ್ಕೇ ರೇಟು ಜಾಸ್ತಿ. ಅಜ್ಜನ ಮನೆಗೆ ಹತ್ತಾರು ವಾರಸುದಾರರು, ರಿಪೇರಿಗೆ ದುಡ್ಡು ಹಾಕೋಕೆ ಯಾರೂ ಮುಂದೆ ಬರಲ್ಲ, ಕೆಡವೋಕೆ ಪರ್ಮಿಷನ್ ಸಿಗಲ್ಲ ಅಂದ್ರೆ ಮಳೆ ಆ ಕೆಲಸ ಮಾಡ್ಲಿ ಅಂತ ಬಾಗಿಲು ಹಾಕಿ ಕೂರ್ತಾರೆ. ಎರ್ಬಿಲ್‌ನಲ್ಲಿ ದಿಬ್ಬಕ್ಕೆ ಒಂದು ಕಮಿಷನ್ ಇದೆ, ಬಜೆಟ್ ಇದೆ, ಇಲ್ಲಿ ಮನೆಮಾಲೀಕನಿಗೆ ಸಣ್ಣ ಬಡ್ಡಿಯ ಸಾಲ, ಇಟ್ಟಿಗೆ ಕೆಲಸ ಗೊತ್ತಿರೋ ಮೇಸ್ತ್ರಿ, ಬಾಡಿಗೆಗೆ ಕೊಟ್ರೆ ತೆರಿಗೆ ವಿನಾಯ್ತಿ ಇಷ್ಟಿದ್ರೆ ಸಾಕು, ಜನ ಇನ್ನೂ ಅಲ್ಲೇ ಇದಾರಲ್ಲ. ಎಣ್ಣೆ ದುಡ್ಡಿನ ಜಗಳದಲ್ಲಿ ನೌಕರರಿಗೆ ತಿಂಗಳ ಸಂಬಳನೇ ಸರಿಯಾಗಿ ಕೊಡೋಕಾಗದ ಸರ್ಕಾರ ಇದನ್ನ ಯಾವಾಗ ಕೈಗೆತ್ತಿಕೊಳ್ಳತ್ತೆ ಅನ್ನೋದು ಬೇರೆ ಮಾತು, ಅಷ್ಟರಲ್ಲಿ ಪ್ರತಿ ಚಳಿಗಾಲದ ಮಳೆಗೆ ಒಂದಷ್ಟು ಮಾಳಿಗೆಗಳು ಬೀಳ್ತಾನೇ ಇವೆ.